ಉಪ್ಪಿನ ಊರಿನ ದೀಪ

ದೇಯಿಗೆ ಇಂಗ್ಲಿಷ್ ಬಾರದು. ಆದರೂ ಕುದ್ರೋಳಿಯ ಆ ಓಣಿಯ ಮಕ್ಕಳು ಒಂದು ಇಂಗ್ಲಿಷ್ ಸಿನಿಮಾವನ್ನು ವರ್ಷವರ್ಷವೂ ಅವಳ ಬಾಯಿಯಿಂದ ಕೇಳುತ್ತ ಬೆಳೆದರು. ಡಿಸೆಂಬರಿನಲ್ಲಿ ಶಾಲೆಗೆ ಕ್ರಿಸ್ಮಸ್ ರಜೆ ಸಿಕ್ಕಿದ ಮೊದಲ ದಿನ, ಮಧ್ಯಾಹ್ನದ ಊಟದ ಮೇಲೆ, ಅವಳ ಮನೆಯ ಚಾಪೆಯಲ್ಲಿ ಮುಂದಿನ ಜಾಗ ಹಿಡಿಯಲು ಅವರು ಓಡಿ ಬರುತ್ತಿದ್ದರು. ಆ ಒಂದು ಮಧ್ಯಾಹ್ನ ದೇಯಿ ಬೀಡಿ ಕಟ್ಟುತ್ತಿರಲಿಲ್ಲ. ಗೆರಸೆಯನ್ನು ಕಪಾಟಿನ ಮೇಲಿಟ್ಟು, ಹೊಗೆಸೊಪ್ಪಿನ ವಾಸನೆ ಹೋಗುವಂತೆ ಕೈಯನ್ನು ಸೋಪು ಹಾಕಿ ತೊಳೆದು, ಗೋಡೆಗೆ ಒರಗಿ ಕೂರುತ್ತಿದ್ದಳು. ಮೊಮ್ಮಗಳು ಪ್ರಾಪ್ತಿ ಅವಳ ಮಡಿಲಲ್ಲಿ ತಲೆಯಿಟ್ಟು ಮಲಗುತ್ತಿದ್ದಳು. ಮಡಿಲು ಅವಳಿಗೆ ಮಾತ್ರ. ಉಳಿದವರಿಗೆ ಚಾಪೆ.

ಸಿನಿಮಾ ಮನುಷ್ಯರದ್ದಲ್ಲ, ಬಣ್ಣದ ಬೊಂಬೆಗಳದ್ದು. ದೇಯಿಯ ಮಗ ದೀಪೇಶ್ ದುಬೈಯಿಂದ ರಜೆಯಲ್ಲಿ ಬಂದಾಗ ಮಗಳಿಗೆಂದು ಪೆನ್‌ಡ್ರೈವ್‌ನಲ್ಲಿ ಹಾಕಿಸಿ ತಂದದ್ದು. ಕಡಲಿನ ಕೊನೆಯಲ್ಲಿ ಒಂದು ಬಿಳಿಯ ಊರು. ಅಲ್ಲಿ ಎತ್ತರದ ದೀಪದ ಕಂಬ. ಆ ದೀಪ ನೋಡಿಕೊಳ್ಳುವ ಒಂದು ಮುದಿ ಪ್ರಾಣಿ, ಮೀಸೆಯಿದ್ದದ್ದು, ಎರಡು ಉದ್ದ ಹಲ್ಲು ಕೆಳಗೆ ಇಳಿದದ್ದು. ಹಿಂಡಿನಿಂದ ತಪ್ಪಿ ಬಿದ್ದ, ರೆಕ್ಕೆ ಮುರಿದ ಒಂದು ಹಕ್ಕಿಮರಿಯನ್ನು ಆ ಪ್ರಾಣಿ ಸಾಕುತ್ತದೆ. ಇಷ್ಟನ್ನು ಕಣ್ಣಿದ್ದವರು ಯಾರಾದರೂ ತಿಳಿಯಬಹುದು. ಉಳಿದದ್ದನ್ನೆಲ್ಲ ದೇಯಿ ಹೇಳಿದಳು.

ಮೊದಲ ಸಲ ನೋಡುವಾಗ ಪ್ರಾಪ್ತಿಗೆ ಮೂರು ವರ್ಷ. ದೀಪೇಶ್ ಆಗಷ್ಟೇ ದುಬೈಗೆ ಮರಳಿದ್ದ. ಮಗು ಎರಡು ದಿನ ಅನ್ನ ಮುಟ್ಟಿರಲಿಲ್ಲ. ಅದರ ಗಮನ ಬೇರೆ ಕಡೆ ಹೋಗಲಿ ಎಂದು ದೇಯಿ ಟಿವಿ ಹಾಕಿ, ಆ ಅರ್ಥವಾಗದ ಗದ್ದಲ ಬೇಡವೆಂದು ಸದ್ದು ಪೂರ್ತಿ ತಗ್ಗಿಸಿ, ತಾನೇ ಹೇಳಲು ಶುರುಮಾಡಿದಳು.

"ಬಿಳಿ ಬಿಳಿ ಎಂತ ಅದು?" ಎಂದು ಕೇಳಿತು ಮಗು.

ದೇಯಿ ಹಿಮ ಕಂಡವಳಲ್ಲ. ಹಾಗೆ ಬೆಳ್ಳಗೆ ರಾಶಿ ಬಿದ್ದದ್ದನ್ನು ಅವಳು ಕಂಡದ್ದು ಉಪ್ಪಿನ ಅಂಗಡಿಯಲ್ಲಿ. "ಉಪ್ಪು," ಎಂದಳು. ಅಲ್ಲಿಂದ ಅದು ಉಪ್ಪಿನ ಊರಾಯಿತು. ಉದ್ದ ಹಲ್ಲಿನ ಪ್ರಾಣಿ ಹಲ್ಲಜ್ಜನಾದ. ಹಕ್ಕಿಮರಿಗೆ ಪಕ್ಕದ ಬ್ಯಾರಿ ಮುಸ್ಲಿಮರ ಮನೆಯಲ್ಲಿ ಕೂಸಿಗೆ ಕರೆಯುವಂತೆ ಕುಂಞಿ ಎಂದು ಹೆಸರಿಟ್ಟಳು. ಕೊನೆಗೆ ಹಬ್ಬದ ರಾತ್ರಿ ಹಕ್ಕಿಗಳ ಕೊನೆಯ ಹಿಂಡು ಆಕಾಶದಲ್ಲಿ ಹಾದುಹೋಗುವಾಗ ಟಿವಿಯಲ್ಲಿ ದೀಪ ಆರಿ ಎಲ್ಲ ಕತ್ತಲಾಯಿತು. ಮಡಿಲಲ್ಲಿದ್ದ ಮಗುವಿನ ತುಟಿ ಅಳುವುದಕ್ಕೆ ಸೊಟ್ಟಗಾಗುವುದನ್ನು ದೇಯಿ ನೋಡಿದಳು.

"ಅಯ್ಯೋ, ಕರೆಂಟ್ ಹೋಯ್ತಲ್ಲಾ!" ಎಂದು ಕೂಗಿದಳು.

ಮಗು ನಕ್ಕಿತು. ಕರೆಂಟ್ ಹೋಗುವುದು ಅದಕ್ಕೆ ಗೊತ್ತಿದ್ದ ಸಂಗತಿ. ಕತ್ತಲಲ್ಲಿ ದಾರಿ ಕಾಣದೆ ಕುಂಞಿ ಹಿಂಡಿನ ಜೊತೆ ಹೋಗಿಬಿಟ್ಟಿತು. ಸಿನಿಮಾದ ಕಟ್ಟಕಡೆಯಲ್ಲಿ ದೀಪ ಮತ್ತೆ ಉರಿಯುತ್ತದಲ್ಲ, ಅದು ಕರೆಂಟ್ ಬಂದದ್ದು. ಕರೆಂಟ್ ಬಂದ ಕೂಡಲೇ ಕುಂಞಿ ವಾಪಸ್ ಬಂತು.

"ಎಲ್ಲಿ? ಕಾಣುವುದಿಲ್ಲ."

"ಕಂಬದ ಹಿಂದೆ ಉಂಟು. ಹಲ್ಲಜ್ಜ ಅದಕ್ಕೆ ಗಂಜಿ ಕೊಡ್ತಾ ಇದ್ದಾನೆ."

"ಪಪ್ಪನೂ ಬರ್ತಾರಾ?"

"ಬಾರದೆ ಎಂತ? ಮೊದಲು ನೀನು ಗಂಜಿ ತಿನ್ನು."

ಮಗು ತಿಂದಿತು. ದೇಯಿಗೆ ಬೇಕಾಗಿದ್ದದ್ದು ಅಷ್ಟೇ.

ಹೀಗೆ ಹೇಳುವುದು ಅವಳಿಗೆ ಹೊಸತೂ ಆಗಿರಲಿಲ್ಲ. ಅವಳ ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಹಾಡುವ ಪದ್ಯ ಒಂದೇ ಇರುತ್ತಿತ್ತು. ಒಬ್ಬರು ಹೇಳಿದ ಅರ್ಥವನ್ನು ಇನ್ನೊಬ್ಬರು ಹೇಳುತ್ತಿರಲಿಲ್ಲ. ಅದನ್ನು ಯಾರೂ ಸುಳ್ಳೆಂದು ಕರೆಯುತ್ತಿರಲಿಲ್ಲ. ಹುಡುಗಿಯಾಗಿ ಕಂಬದ ಮರೆಯಲ್ಲಿ ಕುಳಿತು ಅದನ್ನು ಕೇಳಿದ ದೇಯಿ, ಆಮೇಲೆ ಬೀಡಿ ಕಟ್ಟುವ ಹೆಂಗಸರ ನಡುವೆ ಕುಳಿತು ಹೇಳುವುದನ್ನು ಕಲಿತಳು. ಕೈ ಎಲೆ ಸುತ್ತುತ್ತಿದ್ದಾಗ ಬಾಯಿ ಖಾಲಿ ಇರುತ್ತದೆ. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗಂಡ ಪೂವಪ್ಪ ತೀರಿಕೊಂಡ ಮೇಲೆ, ಸೊಸೆ ಹೇಮಾಕ್ಷಿ ಹಂಪನಕಟ್ಟೆಯ ಜವಳಿ ಅಂಗಡಿಗೆ ಕೆಲಸಕ್ಕೆ ಹೋಗತೊಡಗಿದ ಮೇಲೆ, ಅವಳ ಮಾತು ಕೇಳಲು ಮನೆಯಲ್ಲಿ ಉಳಿದದ್ದು ಪ್ರಾಪ್ತಿ ಒಬ್ಬಳೇ. ಎರಡು ಕಿವಿ. ಅವಳಿಗೆ ಅಷ್ಟು ಸಾಕಾಗಿತ್ತು. ಓಣಿಯ ಉಳಿದ ಮಕ್ಕಳು ಬಂದು ಸೇರಿಕೊಂಡದ್ದು ಮರುವರ್ಷದ ರಜೆಯಿಂದ.

ಪ್ರಾಪ್ತಿಗೆ ಎಂಟಾದ ಈ ವರ್ಷದ ಜೂನಿನಲ್ಲಿ ಎದುರು ಮನೆಯ ಮಹಡಿಗೆ ಕಾರ್ಮಿನ್ ಬಾಯಿ ಎಂಬ ಕ್ರೈಸ್ತ ಹೆಂಗಸು ಮತ್ತು ಅವರ ಮಗಳು ಶೆರಿಲ್ ಬಾಡಿಗೆಗೆ ಬಂದರು. ಶೆರಿಲ್ ಟೀಚರು. ಸಂಜೆ ಓಣಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡತೊಡಗಿದಳು. ಪ್ರಾಪ್ತಿಯನ್ನು ಅಲ್ಲಿಗೆ ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟವಳು ದೇಯಿಯೇ. ಮಗು ಕಲಿಯಲಿ ಎಂದು. ಮೆಟ್ಟಿಲ ಬುಡದಲ್ಲಿ ನಿಂತು, "ಸ್ವಲ್ಪ ತುಂಟಿ, ಎರಡು ಪೆಟ್ಟು ಬಿಡಿ ಬೇಕಾದ್ರೆ," ಎಂದು ನಗುತ್ತ ಒಪ್ಪಿಸಿದ್ದಳು.

ಮೊದಲು ಬದಲಾದದ್ದು ಕೂದಲು. ದೇಯಿ ದಿನವೂ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕುತ್ತಿದ್ದಳು. ಒಂದು ಸಂಜೆ ಪ್ರಾಪ್ತಿ ಒಂದೇ ಜಡೆಯಲ್ಲಿ ಬಂದಳು. ಅದು ನೆತ್ತಿಯಿಂದಲೇ ಮೀನಿನ ಬೆನ್ನಿನ ಹಾಗೆ ಹೆಣೆದುಕೊಂಡು ಇಳಿದಿತ್ತು. "ಮಿಸ್ ಹಾಕಿದ್ದು. ನೋವೇ ಆಗ್ಲಿಲ್ಲ ಅಜ್ಜಿ," ಎಂದಳು. ಇಷ್ಟು ವರ್ಷ ನನ್ನ ಕೈಯಲ್ಲಿ ನೋವಾಗುತ್ತಿತ್ತೆ ಎಂದು ದೇಯಿ ಕೇಳಲಿಲ್ಲ. ಮಗು ಮಲಗಿದ ಮೇಲೆ ಆ ಜಡೆಯನ್ನು ಬೆರಳಲ್ಲಿ ತಿರುವಿ ನೋಡಿದಳು. ಹೇಗೆ ಹೆಣೆದದ್ದೆಂದು ತಿಳಿಯಲಿಲ್ಲ. ಬೆಳಿಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ಹಾಕಿ ಅದನ್ನು ಬಿಚ್ಚಿದಳು.

ಆಮೇಲೆ ಮಾತು ಬದಲಾಯಿತು. ಮಿಸ್ ಹೇಳಿದ್ರು, ಮಿಸ್ ಹಾಗೆ ಮಾಡುವುದಿಲ್ಲ, ಮಿಸ್‌ಗೆ ಗೊತ್ತುಂಟು. ಊಟಕ್ಕೆ ಕುಳಿತರೆ ಮಿಸ್, ನಿದ್ದೆಗೆ ಜಾರುವಾಗಲೂ ಮಿಸ್. ದೇಯಿ ಎಲೆ ಕತ್ತರಿಸುತ್ತ ಹೂಂ ಎನ್ನುತ್ತಿದ್ದಳು. ಕತ್ತರಿ ಎಲೆಯ ಅಂಚು ಬಿಟ್ಟು ನಡುವಿಗೇ ಹೋಗಿಬಿಡುತ್ತಿತ್ತು.

"ಮಾಮಿ, ನಿಮಗೆ ಆ ಹುಡುಗಿ ಮೇಲೆ ಹೊಟ್ಟೆಕಿಚ್ಚು," ಎಂದಳು ಹೇಮಾಕ್ಷಿ ಒಂದು ರಾತ್ರಿ ಪಾತ್ರೆ ತೊಳೆಯುತ್ತ.

"ನಂಗಾ? ಅವಳ ಮೇಲಾ? ಎಂತಕ್ಕೆ? ಅವಳಿಗೆ ಬೀಡಿ ಕಟ್ಟಲಿಕ್ಕೆ ಬರ್ತದಾ?"

"ಅದನ್ನೇ ಹೇಳಿದ್ದು ನಾನು."

"ನೀನು ನಿನ್ನ ಪಾತ್ರೆ ತೊಳೆ."

ಡಿಸೆಂಬರ್ ಬಂತು. ಎದುರಿನ ಮಹಡಿಯಲ್ಲಿ ಕಾಗದದ ನಕ್ಷತ್ರ ತೂಗುಹಾಕಿದರು. ದೇಯಿ ಬಾಗಿಲಲ್ಲಿ ಕುಳಿತರೆ ಅದರ ಕೆಂಪು ಬೆಳಕು ಅವಳ ಗೆರಸೆಯ ಮೇಲೇ ಬೀಳುತ್ತಿತ್ತು. ಅವಳು ಜಾಗ ಬದಲಿಸಿ ಒಳಗೆ ಕುಳಿತಳು. ಈ ಸಲದ ರಜೆಯ ಮೊದಲ ದಿನಕ್ಕೆ ಗೋಳಿಬಜೆ ಮಾಡುವುದೆಂದು ಮೈದಾ ತರಿಸಿಟ್ಟಿದ್ದಳು. ಬೇರೆ ದಿನಗಳು ಟೀಚರಿಗೆ ಹೋಗಲಿ, ಆ ಒಂದು ಮಧ್ಯಾಹ್ನ ತನ್ನದು; ಅಂದು ಪ್ರಾಪ್ತಿ ತನ್ನ ಮಡಿಲಿಗೆ ಬರಲೇಬೇಕು.

ಅಷ್ಟರಲ್ಲಿ ಒಂದು ಸಂಜೆ ಪ್ರಾಪ್ತಿ ಟ್ಯೂಷನ್‌ನಿಂದ ಬಂದವಳೇ ಚೀಲವನ್ನು ಎಸೆದು ನಿಂತಳು. ಕಣ್ಣು ಕೆಂಪಗಿತ್ತು.

"ಅಜ್ಜಿ, ಅದು ಉಪ್ಪಲ್ಲ."

"ಎಂತದು?"

"ಸಿನಿಮಾದಲ್ಲಿ. ಅದು ಹಿಮ."

"ಅದು ನಂಗೆ ಗೊತ್ತುಂಟು ಮಾರಾಯ್ತಿ. ಆಗ ನೀನು ಇಷ್ಟೇ ಇದ್ದಿ. ಹಿಮ ಅಂದ್ರೆ ನಿಂಗೆ ಎಂತ ಗೊತ್ತಾಗ್ತಿತ್ತು?"

"ಹಲ್ಲಜ್ಜ ಅಲ್ಲ, ಅದು ವಾಲ್ರಸ್. ಮತ್ತೆ ಕರೆಂಟ್ ಹೋದದ್ದೂ ಅಲ್ಲ. ಅಲ್ಲಿ ಕರೆಂಟೇ ಇಲ್ಲ, ಅದು ಎಣ್ಣೆದೀಪ. ಅವನೇ ಆರಿಸಿದ್ದು."

"ಅವನ ದೀಪ ಅವನೇ ಯಾಕೆ ಆರಿಸ್ತಾನೆ? ತಲೆ ಸರಿ ಉಂಟಾ ಅವನಿಗೆ?"

"ಕುಂಞಿ ಹೋಗ್ಲಿ ಅಂತ! ದೀಪ ಉರೀತಾ ಇದ್ರೆ ಅದು ಅಲ್ಲೇ ಸುತ್ತುತ್ತಾ ಇರ್ತದೆ. ಹಿಂಡಿನ ಜೊತೆ ಹೋಗುವುದೇ ಇಲ್ಲ, ಚಳಿಗೆ ಸಾಯ್ತದೆ. ಅದಕ್ಕೆ ಆರಿಸಿದ್ದು. ಪ್ರೀತಿ ಇದ್ರೆ ಬಿಟ್ಟುಕೊಡಲಿಕ್ಕೂ ಗೊತ್ತಿರಬೇಕು ಅಂತ ಆ ಸಿನಿಮಾ ಹೇಳುವುದಂತೆ. ಶೆರಿಲ್ ಮಿಸ್ ಹೇಳಿದ್ರು."

ಪ್ರಾಪ್ತಿ ಮೂಗು ಒರೆಸಿಕೊಂಡಳು.

"ಅದು ವಾಪಸ್ ಬರುವುದೂ ಇಲ್ಲ. ಮಿಸ್ ನೋಡಿದ ಸಿನಿಮಾದ ಕಥೆ ಹೇಳಿ ಅಂದ್ರು, ನಾನು ಎಲ್ಲರ ಎದುರು ನೀನು ಹೇಳಿದ ಹಾಗೆ ಹೇಳಿದೆ. ಕಂಬದ ಹಿಂದೆ ಗಂಜಿ ಕುಡೀತದೆ ಅಂತ ಹೇಳಿದೆ. ಮಿಸ್ ಸರಿ ಕಥೆ ಹೇಳಿದ ಮೇಲೆ ಎಲ್ಲ ನಕ್ಕರು. ಮಿಸ್ ಕೂಡ ಸ್ವಲ್ಪ ನಕ್ಕರು. ನೀನು ಸುಳ್ಳು ಹೇಳಿದ್ದು."

ಆ ಕೊನೆಯ ಮಾತಿಗಿಂತ ಅದರ ಹಿಂದಿನದ್ದೇ ದೇಯಿಗೆ ಚುಚ್ಚಿತು. ಮಿಸ್ ಸ್ವಲ್ಪ ನಕ್ಕಳಂತೆ. ಜೋರಾಗಿ ನಕ್ಕಿದ್ದರೆ ಬೈಯಬಹುದಿತ್ತು.

ಮರುದಿನ ಇನ್ನೊಂದು ಸುದ್ದಿ ಬಂತು. ರಜೆಯ ಮೊದಲ ದಿನ ಶೆರಿಲ್ ಮಿಸ್ ಮನೆಯಲ್ಲಿ ಮಕ್ಕಳಿಗೆಲ್ಲ ಅದೇ ಸಿನಿಮಾ. ದೊಡ್ಡ ಟಿವಿ, ಸದ್ದು ಸಮೇತ. ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರಂತೆ.

"ಸಿನಿಮಾ ನಿಲ್ಲಿಸಿ ಪ್ರಶ್ನೆಯಾ? ಅದೆಂತ ಪರೀಕ್ಷೆಯಾ?" ಎಂದಳು ದೇಯಿ.

"ನಮ್ಮ ಮನೆಯಲ್ಲಿ ಮರುದಿನ ನೋಡುವ ಅಜ್ಜಿ. ಆಗಬಹುದಲ್ಲ?"

"ನಂಗೆ ಮರುದಿನ ಬೀಡಿ ಕೊಡಲಿಕ್ಕುಂಟು."

ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ದೇಯಿ ಟಿವಿಯ ಹಿಂದಿನಿಂದ ಪೆನ್‌ಡ್ರೈವ್ ಕಿತ್ತು ಬೀಡಿ ನೂಲಿನ ಡಬ್ಬಿಯ ತಳಕ್ಕೆ ಹಾಕಿದಳು. ಸಿನಿಮಾ ಇರುವುದು ಇದರಲ್ಲಿ. ಇದಿಲ್ಲದೆ ಟೀಚರು ಏನು ತೋರಿಸುತ್ತಾಳೆ ನೋಡುವ. ಸಂಜೆಯವರೆಗೆ ಅವಳ ಬೆರಳು ಎಂದಿಗಿಂತ ಚುರುಕಾಗಿ ಓಡಿತು. ಪ್ರಾಪ್ತಿ ಬಂದು ಟಿವಿಯ ಹಿಂದೆ ನೋಡಿದಳು, ಅಜ್ಜಿಯ ಮುಖ ನೋಡಿದಳು.

"ಅವರ ಟಿವಿಯಲ್ಲಿ ಹಾಗೆಯೇ ಬರ್ತದೆ ಅಜ್ಜಿ, ನೆಟ್‌ನಲ್ಲಿ. ಪೆನ್‌ಡ್ರೈವ್ ಬೇಡ," ಎಂದಳು ಮೆಲ್ಲಗೆ. ಆ ಮೆಲುದನಿಯಲ್ಲಿ ಕನಿಕರ ಇತ್ತು. ಅದನ್ನೂ ಮಿಸ್ ಕಲಿಸಿದಳೋ ಏನೋ.

ರಜೆಗೆ ಒಂದು ದಿನ ಮುಂಚೆ ಕಾರ್ಮಿನ್ ಬಾಯಿ ಬಂದರು. ಕೈಯಲ್ಲಿ ಸ್ಟೀಲಿನ ತಟ್ಟೆ, ಮೇಲೆ ಕಸೂತಿಯ ಬಟ್ಟೆ. ಕ್ರಿಸ್ಮಸ್ಸಿನ ತಿಂಡಿಗಳು, ಕುಸ್ವಾರ್: ಕರ್ಜಿಕಾಯಿಯಂಥ ನೇವ್ರಿ, ಗೋಲಿಯಂಥ ಗುಳಿಯೊ, ಕಪ್ಪು ಕೇಕಿನ ತುಂಡು, ಹೂವಿನಂತೆ ಅರಳಿದ ರೋಸ್ ಕುಕ್ಕೀಸ್.

"ನಮ್ಮ ಶೆರಿಲ್ ಹೇಳ್ತಾ ಇರ್ತಾಳೆ ದೇಯಕ್ಕ, ನಿಮ್ಮ ಪ್ರಾಪ್ತಿ ಭಾರೀ ಚುರುಕು ಅಂತ."

"ಹೌದು. ಅವಳು ನನ್ನ ಕೈಯಲ್ಲಿ ಬೆಳೆದದ್ದು," ಎಂದಳು ದೇಯಿ. ಅಲ್ಲಿಗೆ ನಿಲ್ಲಿಸಬಹುದಿತ್ತು. "ನಿಮ್ಮ ಮಗಳಿಗೆ ಇನ್ನೂ ಮದುವೆ ಆಗ್ಲಿಲ್ವಾ ಬಾಯಿ? ಬೇರೆಯವರ ಮಕ್ಕಳನ್ನು ಎಷ್ಟು ದಿನ ಅಂತ ಆಡಿಸುವುದು?"

ಕಾರ್ಮಿನ್ ಬಾಯಿಯ ಕೈ ಬಟ್ಟೆಯ ಅಂಚನ್ನು ಒಮ್ಮೆ ಸರಿಮಾಡಿತು. "ಆಗ್ತದೆ ದೇಯಕ್ಕ. ನೀವೂ ಒಂದು ಮಾತು ದೇವರಲ್ಲಿ ಹೇಳಿ," ಎಂದು ನಕ್ಕು ಹೋದರು.

ದೇಯಿ ಬಾಗಿಲು ಹಾಕಿ ಒಂದು ನೇವ್ರಿ ಬಾಯಿಗಿಟ್ಟಳು. ಒಳಗಿನ ಎಳ್ಳು-ತೆಂಗಿನಕಾಯಿಯ ಹೂರಣ ನಾಲಗೆಯಲ್ಲಿ ಕರಗಿತು. ಇನ್ನೊಂದು ತಿಂದಳು. ಹೇಮಾಕ್ಷಿ ಬಂದಾಗ, "ತುಪ್ಪ ಕಮ್ಮಿ. ನಮ್ಮ ಕಡುಬಿನ ಹತ್ತಿರ ಬರುವುದಿಲ್ಲ," ಎಂದಳು. ಬಂದ ತಟ್ಟೆಯನ್ನು ಬರಿದಾಗಿ ಹಿಂದೆ ಕೊಡುವುದು ಆ ಓಣಿಯಲ್ಲಿ ಯಾರೂ ಮಾಡದ ಕೆಲಸ. ಬಾಳೆಹಣ್ಣನ್ನೋ ಒಂದು ಮುಷ್ಟಿ ಸಕ್ಕರೆಯನ್ನೋ ಹಾಕಿ ಕೊಡುತ್ತಾರೆ. ದೇಯಿ ತಟ್ಟೆಯನ್ನು ತೊಳೆದು ಅಟ್ಟದ ಮೇಲೆ ದೂಡಿದಳು. ಕೊಡುವುದೂ ಬೇಡ, ಹಾಕುವುದೂ ಬೇಡ.

ರಜೆಯ ಮೊದಲ ದಿನ ಬೆಳಿಗ್ಗೆ ಪ್ರಾಪ್ತಿ ಅಜ್ಜಿಯ ಹಿಂದೆಯೇ ಸುತ್ತಿದಳು. "ಕೋಪವಾ ಅಜ್ಜಿ?" ಎಂದಳು. "ನಂಗೆಂತ ಕೋಪ? ಹೋಗು ಹೋಗು, ಜಾಗ ಸಿಗ್ಲಿಕ್ಕಿಲ್ಲ," ಎಂದಳು ದೇಯಿ. ಹುಡುಗಿ ಹೋದಳು. ಜಡೆ ಹಾಕಿಸಿಕೊಳ್ಳದೆ, ಕೂದಲು ಬಿಚ್ಚಿಕೊಂಡೇ ಹೋದಳು, ಅಲ್ಲಿ ಹಾಕಿಸಿಕೊಳ್ಳಬಹುದೆಂದು.

ಆದರೂ ದೇಯಿ ಚಾಪೆ ಹಾಸಿದಳು. ಕೈ ತೊಳೆದಳು. ಗೋಳಿಬಜೆ ಕರಿದು ಕುಕ್ಕೆಗೆ ಹಾಕಿದಳು. ಪರಿಮಳ ಓಣಿಯುದ್ದ ಹೋಗಲೆಂದು ಅಡುಗೆಮನೆಯ ಕಿಟಕಿ ಪೂರ್ತಿ ತೆರೆದಿಟ್ಟಳು. ಪರಿಮಳಕ್ಕೆ ಬಂದವಳು ಒಬ್ಬಳೇ, ಪಕ್ಕದ ಮನೆಯ ರೈಹಾನಾ. ನಾಲ್ಕು ವರ್ಷದ್ದು. ಅದರ ಅಪ್ಪ ರಜೆ ಮುಗಿಸಿ ದೂರದ ದಮ್ಮಾಮಿಗೆ ಕೆಲಸಕ್ಕೆ ಹೋಗಿ ವಾರವಾಗಿತ್ತಷ್ಟೆ. ಚಾಪೆ ನೋಡಿತು, ಆರಿದ ಟಿವಿ ನೋಡಿತು, ಒಂದು ಗೋಳಿಬಜೆ ಎತ್ತಿಕೊಂಡಿತು.

"ಕೂತ್ಕೊ ಮಗಾ. ಹಲ್ಲಜ್ಜನ ಕಥೆ ಹೇಳ್ತೇನೆ."

"ಎಲ್ರೂ ಅಲ್ಲಿ," ಎಂದು ರೈಹಾನಾ ಮಹಡಿಯತ್ತ ಬೆರಳು ತೋರಿಸಿ, ಇನ್ನೊಂದು ಗೋಳಿಬಜೆ ತೆಗೆದುಕೊಂಡು ಓಡಿತು.

ದೇಯಿ ನೂಲಿನ ಡಬ್ಬಿಯಿಂದ ಪೆನ್‌ಡ್ರೈವ್ ತೆಗೆದಳು. ಅದನ್ನು ಹಾಕುವುದು, ರಿಮೋಟಿನಲ್ಲಿ ಹುಡುಕುವುದು ಎಲ್ಲ ಪ್ರಾಪ್ತಿಯ ಕೆಲಸವಾಗಿತ್ತು. ಸಿಕ್ಕಿದ ಗುಂಡಿಗಳನ್ನೆಲ್ಲ ಒತ್ತಿ ಒತ್ತಿ ಕೊನೆಗೆ ಉಪ್ಪಿನ ಊರು ಮೂಡಿತು. ಜೊತೆಗೆ ಸದ್ದೂ ಬಂತು. ತಗ್ಗಿಸುವುದು ಹೇಗೆಂದು ತಿಳಿಯದೆ ಅವಳು ಹಾಗೆಯೇ ಬಿಟ್ಟಳು.

ಹಲ್ಲಜ್ಜನ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು. ಒರಟು, ನಿಧಾನದ ದನಿ. ಅವಳು ಅವನಿಗೆ ಕೊಟ್ಟಿದ್ದದ್ದು ಪೂವಪ್ಪನ ದನಿ. ಸ್ವಲ್ಪ ಮೂಗಿನಲ್ಲಿ ಬರುವಂಥದ್ದು, ಮಾತಿನ ನಡುವೆ ಕೆಮ್ಮುವಂಥದ್ದು. ಈಗ ಅವನು ಬೇರೆ ಯಾರದೋ ದನಿಯಲ್ಲಿ, ಅವಳಿಗೆ ತಿಳಿಯದ ಭಾಷೆಯಲ್ಲಿ ಕುಂಞಿಯ ಜೊತೆ ಮಾತಾಡುತ್ತಿದ್ದ. ತನ್ನ ಮನೆಯವನೊಬ್ಬ ಬೇರೆಯವರ ಜಗಲಿಯಲ್ಲಿ ನಗುತ್ತ ಕುಳಿತಂತೆ ಅವಳಿಗೆ ಕಂಡಿತು. ಎದುರು ಮಹಡಿಯಲ್ಲೂ ಅದೇ ದನಿ ಕೇಳುತ್ತಿತ್ತು. ಅಲ್ಲಿ ಸ್ವಲ್ಪ ಹಿಂದೆ, ಇಲ್ಲಿ ಸ್ವಲ್ಪ ಮುಂದೆ. ಅಲ್ಲಿ ಮಕ್ಕಳ ನಗು ಬೇರೆ.

ಹೇಳಬೇಕೆಂದು ಬಾಯಿ ತೆರೆದಳು. ಚಾಪೆಗೆ ಏನು ಹೇಳುವುದು? ಬಾಯಿ ಮುಚ್ಚಿಕೊಂಡು ನೋಡಿದಳು.

ಹಬ್ಬದ ರಾತ್ರಿ ಬಂತು. ಹಿಂಡು ಬಂತು. ರೆಕ್ಕೆ ವಾಸಿಯಾದ ಕುಂಞಿ ಮೇಲಕ್ಕೆ ಹಾರಿ, ಅರ್ಧ ದಾರಿ ಹೋಗಿ, ದೀಪ ಕಂಡು ತಿರುಗಿತು. ಮತ್ತೆ ಹಾರಿ ಮತ್ತೆ ತಿರುಗಿತು. ಹಲ್ಲಜ್ಜ ಅದನ್ನು ನೋಡಿದ. ಮೆಟ್ಟಿಲು ಹತ್ತಿ ದೀಪದ ಹತ್ತಿರ ಹೋದ. ಈ ಜಾಗದಲ್ಲಿ ದೇಯಿ ಯಾವಾಗಲೂ ಮಡಿಲಲ್ಲಿದ್ದ ಪ್ರಾಪ್ತಿಯ ಮುಖ ನೋಡುತ್ತಿದ್ದಳು. ತುಟಿ ಸೊಟ್ಟಗಾಗುತ್ತದೆಯೋ ಎಂದು. ವರ್ಷವರ್ಷವೂ ಇದೇ ಗಳಿಗೆಯಲ್ಲಿ ಅವಳ ಕಣ್ಣು ಟಿವಿಯ ಮೇಲೆ ಇರಲೇ ಇಲ್ಲ. ಇವತ್ತು ನೋಡಲು ಬೇರೆ ಮುಖ ಇರಲಿಲ್ಲ. ಹಲ್ಲಜ್ಜ ಒಂದು ಮಾತೂ ಆಡಲಿಲ್ಲ. ತನ್ನ ಅಗಲದ ಕೈಯನ್ನು ದೀಪದ ಮೇಲಿಟ್ಟು ಬತ್ತಿಯನ್ನು ಅದುಮಿದ.

ಟಿವಿ ಕಪ್ಪಾಯಿತು. ಗಾಳಿಯ ಸದ್ದು ಮಾತ್ರ ಇತ್ತು. ಆ ಕಪ್ಪಿನಲ್ಲಿ ದೇಯಿಗೆ ತನ್ನದೇ ಮುಖ, ಹಿಂದಿನ ಗೋಡೆ, ಬರಿಯ ಚಾಪೆ ಕಂಡವು. ಕರೆಂಟ್ ಹೋಯಿತೆಂದು ತಾನು ಕೂಗುತ್ತಿದ್ದದ್ದು, ಮಕ್ಕಳು ಹೋ ಎಂದು ನಗುತ್ತಿದ್ದದ್ದು ಇಷ್ಟು ಉದ್ದದ ಕತ್ತಲಲ್ಲೇ ಎಂದು ಅವಳಿಗೆ ತಿಳಿದಿರಲೇ ಇಲ್ಲ.

ಸಿಟ್ಟು ಬಂತು. ಶೆರಿಲ್ ಮೇಲಲ್ಲ, ಹಲ್ಲಜ್ಜನ ಮೇಲೆ. ಎಷ್ಟು ಸುಲಭದಲ್ಲಿ ಆರಿಸಿಬಿಟ್ಟ. ತಿರುಗಿ ನೋಡಲಿಲ್ಲ. ಬೊಂಬೆಯಲ್ಲವೇ, ಇವನಿಗೆಂತ ಗೊತ್ತು? ಹೀಗೆ ಬೈದುಕೊಳ್ಳುವಾಗಲೂ ಅವಳಿಗೆ ಅವನನ್ನು ಕಂಡು ಹೊಟ್ಟೆ ಉರಿಯಿತು. ಒಬ್ಬ ಮುದುಕನಿಗೆ ಬಂದದ್ದು ತನಗೆ ಬರಲಿಲ್ಲವಲ್ಲ ಎಂದು.

ಆಗ ಎದುರು ಮಹಡಿಯಿಂದ ಅಳು ಕೇಳಿತು. ಸಣ್ಣ ಮಗುವಿನದ್ದು. ನಿಲ್ಲಲಿಲ್ಲ.

ದೇಯಿ ಸ್ಟೂಲು ಹತ್ತಿ ಅಟ್ಟದಿಂದ ಕಾರ್ಮಿನ್ ಬಾಯಿಯ ತಟ್ಟೆ ಇಳಿಸಿದಳು. ಗೋಳಿಬಜೆ ತುಂಬಿದಳು. ತಟ್ಟೆ ಹಿಂದೆ ಕೊಡಲು ಹೋಗುವುದೆಂದು ತನಗೆ ತಾನೇ ಹೇಳಿಕೊಂಡಳು. ಆದರೆ ಮೆಟ್ಟಿಲು ಹತ್ತುವಾಗ ಅವಳ ಕಾಲಿನಲ್ಲಿದ್ದ ಹುರುಪು ಬೇರೆಯದು. ಸದ್ದು ಸಮೇತ ತೋರಿಸಿದಳಲ್ಲ ಟೀಚರು, ಈಗ ನೋಡಲಿ.

ಬಾಗಿಲು ತೆರೆದೇ ಇತ್ತು. ಸಿನಿಮಾ ನಿಲ್ಲಿಸಿದ್ದರು, ದೊಡ್ಡ ಟಿವಿಯಲ್ಲಿ ಆರಿದ ದೀಪದ ಎದುರು ಹಲ್ಲಜ್ಜ ಅಲುಗದೆ ನಿಂತಿದ್ದ. ಮಕ್ಕಳೆಲ್ಲ ಸಪ್ಪಗಿದ್ದರು. ನಡುವೆ ರೈಹಾನಾ ನೆಲಕ್ಕೆ ಕಾಲು ಬಡಿದು ಅಳುತ್ತಿತ್ತು. ಶೆರಿಲ್ ಅದರ ಎದುರು ಮೊಣಕಾಲೂರಿ ಕುಳಿತಿದ್ದಳು. ಬೆವರಿದ್ದಳು.

"ನೋಡು ಚಿನ್ನ, ಅವನಿಗೆ ಅದರ ಮೇಲೆ ಪ್ರೀತಿ ಉಂಟು. ಪ್ರೀತಿ ಇರುವುದರಿಂದಲೇ ಬಿಟ್ಟದ್ದು."

"ಯಾಕೆ ಆರಿಸಿದ್ದು? ಕೆಟ್ಟ ಅಜ್ಜ! ಅದು ಎಲ್ಲಿ ಹೋಗ್ತದೆ? ನಮ್ಮ ಬಾಪ ಕೂಡ ಕತ್ತಲಲ್ಲಿ ಹೋದದ್ದು!"

ಶೆರಿಲ್ ತಲೆಯೆತ್ತಿದಾಗ ಬಾಗಿಲಲ್ಲಿ ದೇಯಿ ಕಂಡಳು. ಟೀಚರಿನ ಮುಖದಲ್ಲಿ ಜಂಬವಿರಲಿಲ್ಲ. ಕೈಸೋತ ಹುಡುಗಿಯ ಮುಖ ಅದು. "ದೇಯಕ್ಕ, ಬನ್ನಿ, ಬನ್ನಿ. ನೀವು ಹೇಗೆ ಹೇಳ್ತೀರಿ ಇದನ್ನು? ನನ್ನಿಂದ ಆಗ್ತಾ ಇಲ್ಲ ಮಾರ್ರೆ."

ಆರು ತಿಂಗಳಿನಿಂದ ದೇಯಿ ಕಾದದ್ದು ಈ ಮಾತಿಗೆ. ಮಕ್ಕಳೆಲ್ಲ ಅವಳ ಕಡೆ ತಿರುಗಿದರು. ಕರೆಂಟ್ ಹೋಯಿತು ಎಂದು ಒಂದು ಕೂಗು ಹಾಕಿದರೆ ಸಾಕು; ರೈಹಾನಾ ನಗುತ್ತದೆ, ಮಕ್ಕಳು ನಗುತ್ತಾರೆ, ದೊಡ್ಡ ಟಿವಿ, ಸದ್ದು, ಪ್ರಶ್ನೆ ಎಲ್ಲ ಬದಿಗೆ ಸರಿಯುತ್ತವೆ. ನಾಲಗೆಯ ತುದಿಗೆ ಬಂದಿತ್ತು. ಅವಳು ಪ್ರಾಪ್ತಿಯನ್ನು ಹುಡುಕಿದಳು. ಇದನ್ನು ಅವಳು ನೋಡಬೇಕು.

ಪ್ರಾಪ್ತಿ ಆಗಲೇ ಎದ್ದಿದ್ದಳು. ಅಜ್ಜಿ ಬಂದದ್ದನ್ನು ಅವಳು ಕಂಡಿರಲಿಲ್ಲ. ಗೋಡೆಗೆ ಒರಗಿ ಕುಳಿತು, ಕಾಲು ನೀಡಿ, ಅಳುತ್ತಿದ್ದ ರೈಹಾನಾಳನ್ನು ಎಳೆದು ತಲೆಯನ್ನು ತನ್ನ ಮಡಿಲಿಗೆ ಹಾಕಿಕೊಂಡಳು.

"ನಿಂಗೆ ಗೊತ್ತುಂಟಾ, ಅದು ಉಪ್ಪಿನ ಊರು," ಎಂದಳು.

ರೈಹಾನಾ ಬಿಕ್ಕುತ್ತಲೇ ಕೇಳಿತು. "ಉಪ್ಪಾ?"

"ಉಪ್ಪು ಮಾರಾಯ್ತಿ, ಎಲ್ಲ ಉಪ್ಪು. ಗಂಜಿಗೆ ಹಾಕಿದರೆ ಹಲ್ಲಜ್ಜನ ಮೀಸೆಗೆಲ್ಲ ಅಂಟ್ತದೆ. ಅವನು ಹೀಗೆ ಕೆಮ್ಮುತ್ತಾನೆ."

ಅವಳು ಕೆಮ್ಮಿದಳು. ಪೂವಪ್ಪನ ಕೆಮ್ಮು. ಪ್ರಾಪ್ತಿಗೆ ಆ ಅಜ್ಜನ ನೆನಪೇ ಇರಲಿಲ್ಲ.

"ದೀಪ ಯಾಕೆ ಆರಿಸಿದ?" ರೈಹಾನಾ ಬಿಡಲಿಲ್ಲ.

ಈಗ ಕರೆಂಟ್ ಹೋದ ಮಾತು ಬರುತ್ತದೆ ಎಂದುಕೊಂಡಳು ದೇಯಿ. ಪ್ರಾಪ್ತಿ ಟಿವಿ ನೋಡಲಿಲ್ಲ, ಮಡಿಲಲ್ಲಿದ್ದ ಮುಖವನ್ನೇ ನೋಡುತ್ತಿದ್ದಳು.

"ಅವನೇ ಆರಿಸಿದ್ದು. ಆದ್ರೆ ಆರಿಸುವ ಮೊದಲು ಕುಂಞಿಯ ಕಿವಿಯಲ್ಲಿ ಒಂದು ಗುಟ್ಟು ಹೇಳಿದ್ದಾನೆ. ಅದು ಟಿವಿಯಲ್ಲಿ ಕೇಳುವುದಿಲ್ಲ. ನೀನು ಹೋಗು, ದಾರಿಯಲ್ಲಿ ಎಂತೆಂತ ನೋಡ್ತಿ, ಎಲ್ಲ ನೆನಪಿಟ್ಕೊ, ನಂಗೆ ಹೇಳ್ಬೇಕು ಅಂತ."

"ಹೇಗೆ ಹೇಳುವುದು? ದೂರ ಅಲ್ವಾ?"

"ಫೋನ್ ಇಲ್ವಾ ಮತ್ತೆ? ನಿನ್ನ ಬಾಪ ಮಾಡುವುದಿಲ್ವಾ? ನಮ್ಮ ಪಪ್ಪ ಮಾಡ್ತಾರೆ. ಮೊನ್ನೆ ಒಂಟೆ ತೋರಿಸಿದ್ರು."

"ಬಾಪನೂ ಒಂಟೆ ತೋರಿಸ್ತಾರೆ," ಎಂದಿತು ರೈಹಾನಾ. ಬಿಕ್ಕಳಿಕೆ ಮೆಲ್ಲನೆ ಇಳಿಯಿತು. ಒಬ್ಬ ಹುಡುಗ ಹಲ್ಲಜ್ಜನಂತೆ ಕೆಮ್ಮಿದ, ಇನ್ನೊಬ್ಬ ಅವನಿಗಿಂತ ಜೋರಾಗಿ ಕೆಮ್ಮಿದ, ಕೋಣೆಯೆಲ್ಲ ಕೆಮ್ಮಾಯಿತು.

ದೇಯಿಯ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು. ಅವಳಲ್ಲಿ ಹೇಳಲು ಎಷ್ಟೋ ಇತ್ತು. ಗಂಜಿಗೆ ಮೊದಲು ಮೀನಿನ ಸಂಗತಿ ಬರಬೇಕು, ಅದನ್ನು ಹುಡುಗಿ ಬಿಟ್ಟಳು. ಕೆಮ್ಮು ಎರಡು ಸಲ ಬರಬೇಕು, ಒಂದೇ ಸಲ ಹಾಕಿದಳು. ಆದರೂ ಮಗು ಅಳು ನಿಲ್ಲಿಸಿತು. ತನ್ನ ಮಡಿಲಲ್ಲಿ ಕೇಳಿಕೊಂಡವಳು ತನಗಿಂತ ಚೆನ್ನಾಗಿ ಹೇಳಿದಳೆಂದು ದೇಯಿಗೆ ಗೊತ್ತಾಯಿತು. ಟೀಚರನ್ನು ಕಂಡು ಉರಿದದ್ದು ಏನೂ ಅಲ್ಲ. ಈಗ ಎದೆಯ ಕೆಳಗೆ ಎದ್ದ ಉರಿಗೆ ಬೈಯಲು ಕೂಡ ಯಾರೂ ಸಿಗಲಿಲ್ಲ. ಅವಳು ಬಾಯಿ ಮುಚ್ಚಿದಳು. ಅಷ್ಟು ಮಾಡಲು ಅವಳಿಗೆ ಬಾಗಿಲ ಚೌಕಟ್ಟು ಹಿಡಿಯಬೇಕಾಯಿತು.

"ದೇಯಕ್ಕ?" ಎಂದಳು ಶೆರಿಲ್.

"ಅವಳು ಹೇಳ್ತಾ ಇದ್ದಾಳಲ್ಲ. ಹೇಳ್ಲಿ," ಎಂದಳು ದೇಯಿ.

ಆ ದನಿಗೆ ಪ್ರಾಪ್ತಿ ತಿರುಗಿದಳು. ಮುಖ ಕೆಂಪಾಯಿತು. ಕದ್ದು ತಿಂದು ಸಿಕ್ಕಿಬಿದ್ದವಳ ಹಾಗೆ ನಕ್ಕಳು. ಏಳಲು ಹೋದಳು, ಮಡಿಲಲ್ಲಿ ರೈಹಾನಾ ಇದ್ದುದರಿಂದ ಏಳಲಾಗಲಿಲ್ಲ.

"ಕರೆಂಟ್ ಹೋದದ್ದು ಅಲ್ಲ, ಅಲ್ವಾ ಅಜ್ಜಿ?"

ಎಲ್ಲರೂ ಕೇಳುತ್ತಿದ್ದರು. ಶೆರಿಲ್ ಕೂಡ.

"ಅಲ್ಲ," ಎಂದಳು ದೇಯಿ. "ಅವನೇ ಆರಿಸಿದ್ದು. ನಾನೂ ಇವತ್ತೇ ನೋಡಿದ್ದು."

ಅಡುಗೆಮನೆಯಿಂದ ಕಾರ್ಮಿನ್ ಬಾಯಿ ಬಂದು ತಟ್ಟೆ ನೋಡಿ, "ಅಯ್ಯೋ, ಇಷ್ಟೆಲ್ಲ ಯಾಕೆ ದೇಯಕ್ಕ," ಎಂದರು. ದೇಯಿಗೆ ಅವರ ಮುಖ ನೋಡಲಾಗಲಿಲ್ಲ. "ನಿನ್ನೆ ನಾನು ಒಂದು ಮಾತು ಹೇಳಿದೆ ಬಾಯಿ. ಹೇಳ್ಬಾರದಿತ್ತು. ನೇವ್ರಿ ಭಾರೀ ಲಾಯ್ಕಾಗಿತ್ತು," ಎಂದಳು, ಎರಡನ್ನೂ ಒಂದೇ ಉಸಿರಿನಲ್ಲಿ. ಕಾರ್ಮಿನ್ ಬಾಯಿ ಅವಳಿಗೆ ಕುರ್ಚಿ ಎಳೆದರು. ದೇಯಿ ಕುರ್ಚಿ ಬೇಡವೆಂದು ಮಕ್ಕಳ ಹಿಂದೆ ನೆಲದಲ್ಲೇ ಕುಳಿತಳು.

ಶೆರಿಲ್ ಸಿನಿಮಾ ಮುಂದುವರಿಸಿದಳು. ಈ ಸಲ ಪ್ರಶ್ನೆ ಕೇಳಲಿಲ್ಲ. ಪ್ರಾಪ್ತಿಯ ಬೆರಳು ರೈಹಾನಾಳ ಕೂದಲಲ್ಲಿ ಆಡುತ್ತಿತ್ತು. ಮಗು ಕಣ್ಣು ಮೇಲೆ ಮಾಡಿ ಒಮ್ಮೆ ಟಿವಿಯನ್ನೂ ಒಮ್ಮೆ ಅವಳನ್ನೂ ನೋಡುತ್ತಿತ್ತು, ಟಿವಿಗಿಂತ ಅವಳನ್ನೇ ಹೆಚ್ಚು. ದೇಯಿಗೆ ಆ ನೋಟದ ಗುರುತಿತ್ತು. ಅದು ಬೇರೆಯವರಿಗೆ ಸಲ್ಲುವುದನ್ನು ನೋಡುತ್ತ ಕುಳಿತಿರುವುದು ಕಷ್ಟವಾಗಿತ್ತು. ಅವಳು ಕುಳಿತಳು. ಮಡಿಲು ಬರಿದೇ ಇತ್ತು. ಗೋಳಿಬಜೆಯ ತಟ್ಟೆಯನ್ನು ಅಲ್ಲಿಟ್ಟುಕೊಂಡು, ಮುಂದಿನ ಸಾಲಿಗೆ ಒಂದೊಂದಾಗಿ ದಾಟಿಸತೊಡಗಿದಳು.